‘ನರ’ ಶಬ್ದದ ಸಂದಿಗ್ಧತೆ

ಶೃಂಗೇರಿ, ಕೊಪ್ಪ, ನರಸಿಂಹರಾಜಪುರ ಸೀಮೆಯ ಕೃಷಿಕನು ಕಪಿಜಾತಿಯನ್ನೆಲ್ಲ ಒಂದೇ ಹೆಸರಿನಿಂದ ಕರೆಯತಕ್ಕವನಲ್ಲ. ತೋಟಕ್ಕೆ ನುಗ್ಗುವುದು ಮಂಗ. ಕಪ್ಪುಮೋರೆಯ ಉದ್ದಬಾಲದ್ದು ಮುಸುವ. ದಟ್ಟಡವಿಯ ಮರದಿಂದ ಇಳಿಯಲೊಲ್ಲದುದು ಸಿಂಗಳೀಕ. ಇಷ್ಟು ವಿವೇಚನೆಯುಳ್ಳ ಭಾಷೆಯು ಅದೇ ಪ್ರಾಣಿಯ ಚರ್ಮದೊಳಗೆ ಹೊಕ್ಕೊಡನೆ ಬಡವಾಗುತ್ತದೆ. ಉಬ್ಬಿದ ರಕ್ತನಾಳವೂ ನರ, ಉಳುಕಿದ ಕಂಡರವೂ ನರ, ಸಂವೇದನೆಯನ್ನು ಒಯ್ಯುವ ತಂತುವೂ ನರ. ಇದು ಕನ್ನಡವೊಂದರ ದೋಷವಲ್ಲ. ತಮಿಳಿನ ‘ನರಂಬು’ ಯಾಳಿನ ತಂತಿಯನ್ನೂ ಹೇಳುತ್ತದೆ. ಗ್ರೀಕರ ‘ನ್ಯೂರಾನ್’ ಬಿಲ್ಲಿನ ಹೆದೆಗೂ ಸಲ್ಲುತ್ತಿತ್ತು. ಸಂಸ್ಕೃತದ ‘ಸ್ನಾಯು’ವಂತೂ ಬಂಗಾಳಿಯಲ್ಲಿ ನರ, ನಮ್ಮಲ್ಲಿ ಮಾಂಸಖಂಡ!

ಆಡುಮಾತಿನಲ್ಲಿ ಈ ಸಂದಿಗ್ಧತೆ ಸಹ್ಯ, ಶಾಸ್ತ್ರದಲ್ಲಿ ಅಲ್ಲ. ಮಂಗನ ಮರಿ ಬೆಳೆದಂತೆ ನರದ ವಹನವು ಹೇಗೆ ಮಾರ್ಪಡುವುದೆಂದು ಬರೆಯಹೊರಟವನ ಪಾಡನ್ನು ನೋಡಬಹುದು. ‘ವಯಸ್ಸಾದಂತೆ ನರ ಬಲಿಯುತ್ತದೆ’ ಎಂದರೆ ಓದುಗನ ಕಣ್ಣಿಗೆ ಕಟ್ಟುವುದು ಸೆಟೆದ ಕಂಡರ. ನಡೆಯುವುದೇ ಬೇರೆ. ತಂತುವು ದಪ್ಪವಾಗುತ್ತದೆ, ಅದನ್ನು ಸುತ್ತಿದ ಮಯಲಿನ್ ಎಂಬ ಮೇದಸ್ಸಿನ ಹೊದಿಕೆ ಪದರಪದರವಾಗಿ ಬೆಳೆಯುತ್ತದೆ, ಕೈಕಾಲು ನೀಳವಾದಂತೆ ಆ ಹೊದಿಕೆಯ ಗಿಣ್ಣುಗಳ ನಡುವಣ ಅಂತರವೂ ನೀಳುತ್ತದೆ. ವಿದ್ಯುತ್ಸಂಕೇತವು ಗಿಣ್ಣಿನಿಂದ ಗಿಣ್ಣಿಗೆ ನೆಗೆಯತಕ್ಕದ್ದಾದ್ದರಿಂದ ವೇಗವು ಏರುತ್ತದೆ. ಮಾನವಶಿಶುವು ಹುಟ್ಟಿದಾಗ ವಯಸ್ಕನ ಅರ್ಧದಷ್ಟಿರುವ ಈ ವೇಗವು 3ರಿಂದ 5 ವರ್ಷಗಳೊಳಗೆ ಸೆಕೆಂಡಿಗೆ ಸುಮಾರು 50–60 ಮೀಟರಿಗೆ ಬರುತ್ತದೆ. ಬೇಗನೆ ಪ್ರಾಯಕ್ಕೆ ಬರುವ ಮಂಗನಲ್ಲಿ ಈ ಕ್ರಮವು ಇನ್ನೂ ಶೀಘ್ರ.

ಇಲ್ಲಿ ಇನ್ನೊಂದು ತೊಡಕುಂಟು. ವೇಗವು ಹೆಚ್ಚಿದ ಮಾತ್ರಕ್ಕೆ ಸಂಕೇತವು ಬೇಗ ಮುಟ್ಟಬೇಕೆಂದಿಲ್ಲ. ದೇಹ ಬೆಳೆದು ದಾರಿಯೂ ಉದ್ದವಾಗಿರುತ್ತದೆ. 1850ರಲ್ಲಿ ಹೆಲ್ಮ್‌ಹೋಲ್ಟ್ಸನು ಕಪ್ಪೆಯ ನರವನ್ನು ಎರಡು ಎಡೆಗಳಲ್ಲಿ ಪ್ರಚೋದಿಸಿ, ದೂರದ ವ್ಯತ್ಯಾಸವನ್ನು ಕಾಲದ ವ್ಯತ್ಯಾಸದಿಂದ ಭಾಗಿಸಿ ವೇಗವನ್ನು ಕಂಡುಹಿಡಿದನು. ವಹನಕಾಲ, ವಹನವೇಗಗಳೆರಡನ್ನೂ ‘ನರದ ಚುರುಕು’ ಎಂದು ಬರೆಯುವುದು ಆ ಭಾಗಾಕಾರವನ್ನೇ ಅಳಿಸಿದಂತೆ. ಸರಳತೆಯ ಹೆಸರಿನಲ್ಲಿ ಇದನ್ನು ಮನ್ನಿಸಲಾಗದು.

ಇದು ಬರಿಯ ಪಂಡಿತರ ಜಗಳವೆನ್ನುವಂತಿಲ್ಲ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆಯು ಮಲೆನಾಡಿನ ಮನೆಮಾತಾಗಿದೆ. ಅದರಲ್ಲಿ ಕೆಲವರಿಗೆ ಜ್ವರ ಇಳಿದು ಮರುಕಳಿಸಿದಾಗ ಕತ್ತಿನ ಬಿಗಿತ, ನಡುಕ, ಬುದ್ಧಿಭ್ರಮೆಗಳು ತೋರುವುವು. ಅದನ್ನು ‘ನರದ ತೊಂದರೆ’ ಎಂದಷ್ಟೇ ಹೇಳಿದರೆ, ಕೇಳಿದವನು ಉಳುಕೆಂದು ತಿಳಿದು ಎಣ್ಣೆ ತಿಕ್ಕುತ್ತ ಕೂತಾನು.

ಪಠ್ಯಪುಸ್ತಕಗಳಲ್ಲಿ ‘ನರ’ವನ್ನು ಸಂವೇದನೆಯ ತಂತುವಿಗೇ ಮೀಸಲಿಟ್ಟು, ಉಳಿದವಕ್ಕೆ ‘ಕಂಡರ’, ‘ರಕ್ತನಾಳ’ ಎಂದು ತಪ್ಪದೆ ಬರೆಯತಕ್ಕದ್ದು. ಹೊಸ ಸಂಸ್ಕೃತಪದಗಳನ್ನು ಟಂಕಿಸುವ ಅವಸರವೇನೂ ಕಾಣದು. ಮಯಲಿನ್ ಹೊದಿಕೆಯ ಸಂಧಿಗೆ ಕಬ್ಬಿನ ‘ಗಿಣ್ಣು’ ಧಾರಾಳವಾಗಿ ಸಲ್ಲುತ್ತದೆ.