ನಾಲ್ಕು ಸಾಲಿನ ಆಚೆಯ ಹೊನ್ನಮ್ಮ

ಸಂಚಿಯ ಹೊನ್ನಮ್ಮ ಎಂದ ಕೂಡಲೇ ಕನ್ನಡ ಓದಿದವರಿಗೆ ನೆನಪಾಗುವುದು ಒಂದೇ ಪದ್ಯ. ಹೆಣ್ಣೆಂದು ಹೀಗಳೆಯುವವರನ್ನು ಆಕೆ ನೇರವಾಗಿ ಪ್ರಶ್ನಿಸುವ ಪದ್ಯ ಅದು. ಶಾಲೆಯ ಪಠ್ಯದಿಂದ ಮಹಿಳಾ ದಿನಾಚರಣೆಯ ಭಾಷಣದವರೆಗೆ ಎಲ್ಲ ಕಡೆ ಅದು ಕೇಳಿಸುತ್ತದೆ. ಸಾಂಗತ್ಯದ ನಾಲ್ಕೇ ಸಾಲು. ಆ ಸಾಲುಗಳಿರುವ ‘ಹದಿಬದೆಯ ಧರ್ಮ’ವನ್ನು ಪೂರ್ತಿ ಓದಿದವರು ಕಡಿಮೆ, ಓದಿದವರೂ ಅದರ ಬಗ್ಗೆ ಸ್ವಲ್ಪ ಮುಜುಗರದಿಂದಲೇ ಮಾತಾಡುತ್ತಾರೆ. ಹದಿಬದೆ ಎಂದರೆ ಪತಿವ್ರತೆ. ಪತಿವ್ರತೆಯಾದವಳು ಹೇಗೆ ನಡೆಯಬೇಕು, ಗಂಡನನ್ನೂ ಅತ್ತೆಮಾವಂದಿರನ್ನೂ ಹೇಗೆ ನೋಡಿಕೊಳ್ಳಬೇಕು ಎಂಬ ಬುದ್ಧಿಮಾತೇ ಕೃತಿಯ ಬಹುಪಾಲು.

ಹಾಗಾಗಿ ನಾವು ಒಂದು ಸುಲಭದ ಉಪಾಯ ಮಾಡಿಕೊಂಡಿದ್ದೇವೆ. ನಾಲ್ಕು ಸಾಲನ್ನು ಕತ್ತರಿಸಿ ಸ್ತ್ರೀವಾದದ ಚರಿತ್ರೆಗೆ ಸೇರಿಸಿಕೊಂಡು, ಉಳಿದದ್ದನ್ನು ‘ಕಾಲದ ಮಿತಿ’ ಎಂಬ ಎರಡು ಪದಗಳಲ್ಲಿ ಕಟ್ಟಿ ಅಟ್ಟಕ್ಕೆ ಹಾಕಿದ್ದೇವೆ. ಸೆಮಿನಾರುಗಳಲ್ಲಿ ಅಕ್ಕಮಹಾದೇವಿಯ ಬಗ್ಗೆ ಹತ್ತು ಪ್ರಬಂಧ ಮಂಡನೆಯಾದರೆ ಹೊನ್ನಮ್ಮನ ಬಗ್ಗೆ ಒಂದು. ಕಾರಣ ಊಹಿಸಬಹುದು. ಅಕ್ಕ ಅರಮನೆ ಬಿಟ್ಟು ಹೊರಟವಳು, ಹೊನ್ನಮ್ಮ ಅರಮನೆಯಲ್ಲೇ ಉಳಿದವಳು. ಹೊರಟವಳ ಬಗ್ಗೆ ಬರೆಯಲು ನಮ್ಮ ಹತ್ತಿರ ಭಾಷೆ ಸಿದ್ಧವಾಗಿದೆ. ಉಳಿದವಳ ಬಗ್ಗೆ ಏನು ಹೇಳಬೇಕೆಂದು ತಿಳಿಯುವುದಿಲ್ಲ.

ಆದರೆ ನಮ್ಮ ಮನೆಗಳಲ್ಲಿ ಇದ್ದವರೆಲ್ಲ ಉಳಿದವರೇ. ನನ್ನ ತಾಯಿಯ ತಾಯಿ ಚಾಮರಾಜನಗರ ಸೀಮೆಯ ಒಂದು ಹಳ್ಳಿಯವಳು, ಹೊನ್ನಮ್ಮನ ಯಳಂದೂರಿಗೆ ದೂರವಲ್ಲದ ಊರು. ಗಂಡಸರ ಊಟ ಮುಗಿಯದೆ ತಟ್ಟೆಗೆ ಕೈ ಹಾಕದವಳು. ‘ಹೆಣ್ಣಾದವ್ಳು ತಗ್ಗಿ ಬಗ್ಗಿ ನಡೀಬೇಕು ಕಣವ್ವ’ ಎಂಬುದು ಅವಳ ಬಾಯಲ್ಲಿ ದಿನಕ್ಕೆರಡು ಸಲ ಬರುತ್ತಿತ್ತಂತೆ. ಅದೇ ಅಜ್ಜಿ ಎಮ್ಮೆ ಹಾಲು ಮಾರಿದ ದುಡ್ಡನ್ನು ಸಾಸಿವೆ ಡಬ್ಬಿಯ ತಳದಲ್ಲಿ ಕೂಡಿಟ್ಟು, ತಾತನಿಗೆ ಗೊತ್ತಾಗದ ಹಾಗೆ ಅಮ್ಮನ ಹಾಸ್ಟೆಲ್ ಫೀಜು ಕಟ್ಟಿದಳು. ಪಿಯುಸಿಗೆಂದು ಮೈಸೂರಿನ ಬಸ್ಸು ಹತ್ತುವ ಮಗಳಿಗೂ ಅವಳು ಹೇಳಿದ್ದು ಅದೇ ತಗ್ಗಿ ಬಗ್ಗಿ ನಡೆಯುವ ಮಾತು. ದುಡ್ಡು ಒಂದು ದಿಕ್ಕಿಗೆ, ಮಾತು ಇನ್ನೊಂದು ದಿಕ್ಕಿಗೆ. ಅಮ್ಮನ ಓದಿಗೆ ಎರಡೂ ಬೇಕಾಗಿದ್ದವು. ಆ ಮಾತಿನ ಮರೆ ಇಲ್ಲದಿದ್ದರೆ ಆ ದುಡ್ಡನ್ನು ಊರಿನ ಕಣ್ಣೆದುರು ಖರ್ಚು ಮಾಡುವುದು ಅಜ್ಜಿಗೆ ಸಾಧ್ಯವಿರಲಿಲ್ಲ.

ಇದನ್ನು ತಲೆಯಲ್ಲಿಟ್ಟುಕೊಂಡು ‘ಹದಿಬದೆಯ ಧರ್ಮ’ ಓದಿದರೆ ಅದು ಬೇರೆ ಥರ ಕಾಣುತ್ತದೆ. ಹೊನ್ನಮ್ಮ ಮೈಸೂರಿನ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಿಕೆಯ ಸಂಚಿ ಹಿಡಿಯುವ ಊಳಿಗದವಳು. ಒಡೆಯರು ಆಳಿದ್ದು 1673ರಿಂದ 1704ರವರೆಗೆ. ದೊರೆಗೂ ರಾಣಿಗೂ ಒಪ್ಪುವ ವಸ್ತುವನ್ನು ಬರೆದರೆ ಮಾತ್ರ ಊಳಿಗದ ಹೆಣ್ಣೊಬ್ಬಳ ಕಾವ್ಯಕ್ಕೆ ಆಸ್ಥಾನದಲ್ಲಿ ಜಾಗ. ಪತಿವ್ರತೆಯ ಧರ್ಮ ಆಕೆ ಕಟ್ಟಿದ ಸುಂಕ. ಸುಂಕ ಕಟ್ಟಿ ಒಳಗೆ ಬಂದ ಮೇಲೆ ಆ ನಾಲ್ಕು ಸಾಲಿನ ಪ್ರಶ್ನೆ ಕೇಳುತ್ತಾಳೆ. ಹೆಂಡತಿಯ ಕರ್ತವ್ಯಗಳನ್ನು ಇಷ್ಟು ಶ್ರದ್ಧೆಯಿಂದ ಹೇಳಿದವಳೇ ಕೇಳುತ್ತಿದ್ದಾಳೆ ಎಂಬುದರಿಂದ ಆ ಪ್ರಶ್ನೆಗೆ ತೂಕ ಬರುತ್ತದೆ. ಕತ್ತರಿಸಿ ತೆಗೆದರೆ ಅದು ಘೋಷಣೆಯಾಗುತ್ತದೆ, ಕೃತಿಯೊಳಗೆ ಇದ್ದಾಗ ಅದು ವಾದ. ಇನ್ನೊಂದು ವಿಚಿತ್ರವೂ ಇಲ್ಲಿದೆ. ಗೃಹಿಣಿಯ ಧರ್ಮವನ್ನು ಬರೆಯುತ್ತಿರುವವಳು ಅರಮನೆಯಲ್ಲಿ ಕೆಲಸ ಮಾಡುವ ಹೆಣ್ಣು, ಕಾವ್ಯ ಕಟ್ಟಬಲ್ಲ ವಿದ್ಯಾವಂತೆ. ಅವಳ ಬದುಕು ಅವಳ ಉಪದೇಶದ ಅಳತೆಗೆ ಸಿಗುವುದಿಲ್ಲ.

ಎರಡು ಶತಮಾನಗಳ ನಂತರ ಇದೇ ಸುಂಕವನ್ನು ಕಟ್ಟಿದವರು ನಂಜನಗೂಡು ತಿರುಮಲಾಂಬ. 1887ರಲ್ಲಿ ಹುಟ್ಟಿದ ಇವರು ಬಾಲವಿಧವೆ. ಹೊಸಗನ್ನಡದ ಮೊದಲ ಪತ್ರಕರ್ತೆ, ಪ್ರಕಾಶಕಿ ಎಂದು ಚರಿತ್ರೆ ಗುರುತಿಸುವುದು ಇವರನ್ನೇ. ಪುಸ್ತಕ ಬರೆದರು, ಅಚ್ಚು ಹಾಕಿಸಿದರು, ‘ಕರ್ನಾಟಕ ನಂದಿನಿ’ ಎಂಬ ಪತ್ರಿಕೆ ನಡೆಸಿದರು. ಗ್ರಂಥಮಾಲೆಗೆ ಇಟ್ಟ ಹೆಸರು ಮಾತ್ರ ‘ಸತೀಹಿತೈಷಿಣೀ’. ಅವರ ‘ಸುಶೀಲೆ’ಯ ನಾಯಕಿ ಗೆಲ್ಲುವುದು ಸಹನೆಯಿಂದ. ವಿಧವೆಯೊಬ್ಬಳು ಮನೆಯ ಮೂಲೆ ಬಿಟ್ಟು ಬಂದು ಪತ್ರಿಕೆಯ ಸಂಪಾದಕಿಯಾಗಬೇಕಾದರೆ ‘ಸತಿಯರ ಹಿತ ಬಯಸುವವಳು’ ಎಂಬ ಫಲಕದ ಕೆಳಗೇ ಕೂರಬೇಕಿತ್ತು. ಫಲಕವನ್ನು ಮಾತ್ರ ಓದಿದವರಿಗೆ ಅವರು ಸಂಪ್ರದಾಯವಾದಿ. ಫಲಕದ ಕೆಳಗೆ ನಡೆದ ಕೆಲಸ ನೋಡಿದವರು ಹಾಗೆ ಹೇಳಲಾರರು.

ಇಲ್ಲಿ ಒಂದು ಆಕ್ಷೇಪಣೆ ಬರುತ್ತದೆ, ಬರಬೇಕು. ಹೀಗೆ ಓದುತ್ತಾ ಹೋದರೆ ಎಲ್ಲ ವಿಧೇಯತೆಯನ್ನೂ ಜಾಣತನ ಎನ್ನಬಹುದಲ್ಲ? ಅಜ್ಜಿಯಂದಿರ ತಾಳ್ಮೆಯನ್ನು ಕೊಂಡಾಡುವ ಲೇಖನಗಳಿಗೆ ನಮ್ಮಲ್ಲಿ ಬರವಿಲ್ಲ. ಹೆಣ್ಣು ಸಹಿಸಿದ್ದನ್ನೆಲ್ಲ ಶಕ್ತಿಯೆಂದು ಕರೆದರೆ, ಸಹಿಸುವಂತೆ ಮಾಡಿದವರಿಗೆ ಅದಕ್ಕಿಂತ ಅನುಕೂಲದ ಮಾತು ಬೇರೆ ಇಲ್ಲ. ಆದ್ದರಿಂದ ಒಂದು ಒರೆಗಲ್ಲು ಬೇಕು.

ಅದು ನನಗೆ ಸಿಕ್ಕಿದ್ದು ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ದಲ್ಲಿ. ತಮ್ಮ ಕುಟುಂಬದ ಹಿರಿಯ ವಿಧವೆಯೊಬ್ಬರ ಬದುಕನ್ನು ಆಧರಿಸಿ ಇಂದಿರಾ ಬರೆದ ಈ ಕಾದಂಬರಿ ಪ್ರಕಟವಾದದ್ದು 1976ರಲ್ಲಿ. ಪ್ರೇಮಾ ಕಾರಂತರು ಅದನ್ನು ಸಿನಿಮಾ ಮಾಡಿದರು. ಮಲೆನಾಡಿನ ಬ್ರಾಹ್ಮಣ ಮನೆಯ ಫಣಿಯಮ್ಮ ಬಾಲ್ಯದಲ್ಲೇ ವಿಧವೆಯಾಗಿ, ತಲೆ ಬೋಳಿಸಿಕೊಂಡು, ಮಡಿಯಲ್ಲೇ ಜೀವನವಿಡೀ ಸವೆಸುತ್ತಾಳೆ. ತನ್ನ ಮಟ್ಟಿಗೆ ಅವಳು ಯಾವ ನಿಯಮವನ್ನೂ ಮುರಿಯುವುದಿಲ್ಲ. ಈ ಸಂಯಮವನ್ನೇ ಹೊಗಳಿ ನಿಲ್ಲಿಸಿದ ಓದುಗರು ಬಹಳ. ಆದರೆ ಕಾದಂಬರಿ ಅಲ್ಲಿಗೆ ನಿಲ್ಲುವುದಿಲ್ಲ. ದಾಕ್ಷಾಯಿಣಿ ಎಂಬ ಎಳೆಯ ವಿಧವೆ ತಲೆ ಬೋಳಿಸಿಕೊಳ್ಳಲಾರೆ ಎಂದು ತಿರುಗಿ ಬಿದ್ದಾಗ, ಮನೆಯ ಹಿರಿಯರಲ್ಲಿ ಅವಳ ಪರ ನಿಲ್ಲುವವಳು ಇದೇ ಫಣಿಯಮ್ಮ. ತಾನು ಉಂಡ ಕಷ್ಟವನ್ನು ಮುಂದಿನವಳಿಗೂ ಬಡಿಸುವುದಿಲ್ಲ.

ಒರೆಗಲ್ಲು ಇದು: ತಾನು ಹೊತ್ತ ಹೊರೆಯನ್ನು ಮುಂದಿನವಳ ತಲೆಗೆ ಇಟ್ಟಳೋ, ಇಳಿಸಿದಳೋ? ಇದಕ್ಕೆ ಉಜ್ಜಿ ನೋಡಿದರೆ ಯಾರಿಗೂ ಪೂರ್ತಿ ಅಂಕ ಸಿಗುವುದಿಲ್ಲ. ಹೊನ್ನಮ್ಮ ಒಂದು ಪ್ರಶ್ನೆಯನ್ನು ಕೊಟ್ಟಳು, ಜೊತೆಗೆ ಹೊರೆಯನ್ನೂ ಪದ್ಯ ಕಟ್ಟಿ ಕೊಟ್ಟಳು. ಪದ್ಯವಾದ್ದರಿಂದ ಅದು ಬಾಯಿಂದ ಬಾಯಿಗೆ ಸುಲಭವಾಗಿ ಹೋಗುವಂಥದ್ದು. ತಿರುಮಲಾಂಬ ಓದುವ ಹೆಣ್ಣುಮಕ್ಕಳನ್ನು ತಯಾರು ಮಾಡಿದರು, ಅವರ ಕೈಗೆ ಕೊಟ್ಟದ್ದು ಸಹನೆಯ ಕಥೆಯನ್ನು.

ನನ್ನ ಅಜ್ಜಿಯನ್ನೂ ಈ ಕಲ್ಲಿನಿಂದ ತಪ್ಪಿಸಲಾರೆ. ಫಣಿಯಮ್ಮನಂತೆ ತಲೆ ಬೋಳಿಸುವ ಪದ್ಧತಿ ಅವಳ ರೈತಾಪಿ ಮನೆಯಲ್ಲಿ ಇರಲಿಲ್ಲ, ಮುಟ್ಟಿನ ಕಟ್ಟಳೆ ಇತ್ತು. ಮಗಳಿಗೆ ಹಾಸ್ಟೆಲ್ ಫೀಜು ಕಟ್ಟಿದ ಕೈಯೇ ಸೊಸೆಗೆ, ಅಂದರೆ ನನ್ನ ಅತ್ತೆಗೆ, ತಿಂಗಳಿಗೆ ಮೂರು ದಿನ ಕೊಟ್ಟಿಗೆಯ ಪಕ್ಕದ ಜಗಲಿಯನ್ನು ತೋರಿಸಿತು. ಅತ್ತೆಯೂ ಹತ್ತನೇ ಕ್ಲಾಸು ಪಾಸಾದವಳು. ಮುಂದೆ ಓದುವ ಆಸೆ ಅವಳಿಗೂ ಇತ್ತು. ಸಾಸಿವೆ ಡಬ್ಬಿಯ ಕಥೆಯನ್ನು ಅಮ್ಮ ಕಣ್ಣು ತುಂಬಿಕೊಂಡು ಹೇಳುವಾಗ ಅತ್ತೆ ಸುಮ್ಮನೆ ಪಾತ್ರೆ ಎತ್ತಿಕೊಂಡು ಹಿತ್ತಲಿಗೆ ಹೋಗುತ್ತಾಳೆ. ಆ ಕಥೆಯನ್ನು ಪ್ರಬಂಧದಲ್ಲಿ ಬರೆಯಲು ನನಗೆ ಅನುಕೂಲ. ಅತ್ತೆ ಎದ್ದು ಹೋಗುವುದನ್ನು ಬಿಟ್ಟರೆ ಅದು ಸುಳ್ಳಾಗುತ್ತದೆ. ನಾಲ್ಕು ಸಾಲು ಕತ್ತರಿಸಿ ಇಟ್ಟುಕೊಂಡು ಹೊನ್ನಮ್ಮನಿಗೆ ನಾವು ಮಾಡಿದ್ದೂ ಇಂಥ ಅನುಕೂಲದ ಕೆಲಸವೇ.

ಸ್ತ್ರೀವಾದಿ ವಿಮರ್ಶೆ ಮರೆತುಹೋದ ಲೇಖಕಿಯರನ್ನು ಹುಡುಕಿ ತಂದದ್ದು ದೊಡ್ಡ ಕೆಲಸ. ನನ್ನಂಥವರ ಸಂಶೋಧನೆ ನಿಂತಿರುವುದು ಆ ಕೆಲಸದ ಮೇಲೆ. ಆದರೆ ಹುಡುಕಿ ತಂದವರನ್ನೆಲ್ಲ ಬಂಡಾಯಗಾರ್ತಿಯರನ್ನಾಗಿ ಮಾಡುವ ಆತುರ ಇನ್ನು ಸಾಕು. ಅವರು ಕೊಟ್ಟ ಸುಂಕವೆಷ್ಟು, ಪಡೆದ ಜಾಗವೆಷ್ಟು, ಆ ಸುಂಕದಲ್ಲಿ ಬೇರೆ ಹೆಂಗಸರ ಪಾಲಿನಿಂದ ಹೋದದ್ದೆಷ್ಟು ಎಂಬ ಲೆಕ್ಕವನ್ನು ಪೂರ್ತಿ ಬರೆಯಬೇಕು. ಅದಕ್ಕೆ ‘ಹದಿಬದೆಯ ಧರ್ಮ’ವನ್ನು ಮೊದಲ ಪದ್ಯದಿಂದ ಓದಬೇಕಾಗುತ್ತದೆ, ಬೇಸರವಾಗುವ ಸಂಧಿಗಳನ್ನೂ ಸೇರಿಸಿ. ಸೊಸೆಯಾದವಳು ಹೇಗೆ ನಡೆಯಬೇಕು ಎಂಬ ಪದ್ಯಗಳಿಗೆ ಬಂದಾಗ, ಓದುವವರು ಒಂದು ಸಲ ಹಿತ್ತಲ ಕಡೆಯೂ ತಿರುಗಿ ನೋಡಿದರೆ ಒಳ್ಳೆಯದು.