ಬೀಗ ಹಾಕಿದ ನೆರಳು

ಬೆಂಗಳೂರಿನ ಯಾವುದೋ ಬಡಾವಣೆಯ ಪಾರ್ಕನ್ನು ‘ಅಭಿವೃದ್ಧಿಪಡಿಸಿದ್ದಾರೆ’ ಎಂದು ಕೇಳಿದರೆ ಸಾಕು, ಅಲ್ಲಿ ಏನೇನು ಬಂದಿರುತ್ತದೆ ಎಂದು ಹೋಗಿ ನೋಡದೆಯೂ ಹೇಳಿಬಿಡಬಹುದು. ಸುತ್ತ ಆಳೆತ್ತರದ ಗ್ರಿಲ್ಲು, ಮುಂದೆ ಒಂದು ಕಮಾನು, ಕಮಾನಿನ ಮೇಲೆ ಹೆಸರು. ಒಳಗೆ ಇಂಟರ್‌ಲಾಕ್ ಇಟ್ಟಿಗೆ ಹಾಸಿದ ವಾಕಿಂಗ್ ಪಾತ್, ಅದರಂಚಿಗೆ ಕತ್ತರಿ ಹಾಕಿ ಮಟ್ಟ ಮಾಡಿದ ಬೇಲಿಗಿಡ, ನಡುವೆ ಹಸಿರು ಲಾನು, ಒಂದು ಮೂಲೆಯಲ್ಲಿ ಹಳದಿ-ನೀಲಿ ಬಣ್ಣ ಬಳಿದ ಕಬ್ಬಿಣದ ಓಪನ್ ಜಿಮ್ಮು. ಗೇಟಿನ ಪಕ್ಕದ ಫಲಕದಲ್ಲಿ ಹುಲ್ಲಿನ ಮೇಲೆ ನಡೆಯಬಾರದು, ಹೂ ಕೀಳಬಾರದು, ಮಲಗಬಾರದು, ತಿಂಡಿ ತರಬಾರದು ಎಂಬ ‘ಬಾರದು’ಗಳ ಸಾಲು. ಇಂಥ ಪಾರ್ಕಿನಲ್ಲಿ ಎಲ್ಲವೂ ಇರುತ್ತದೆ, ಮಧ್ಯಾಹ್ನ ಒಂದು ಬಿಟ್ಟು. ನನ್ನ ತಕರಾರು ಇರುವುದು ಇಲ್ಲಿಯೇ. ನಗರದ ಉದ್ಯಾನಗಳ ಸುಧಾರಣೆಯೆಂಬ ಈ ಇಡೀ ಕಸುಬು ನಡೆಯುವವರನ್ನು ಕಣ್ಣಮುಂದೆ ಇಟ್ಟುಕೊಂಡು ರೂಪುಗೊಂಡಿದೆ. ಕೂರುವವರು ಅದರ ಲೆಕ್ಕದಲ್ಲೇ ಇಲ್ಲ. ಹಾಗಾಗಿ ಎಷ್ಟು ಹಣ ಸುರಿದರೂ ಕೈಗೆ ಸಿಗುವುದು ಬೆಳಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಉಸಿರಾಡುವ ಪಾರ್ಕು.

ಸಮಯದ ವಿಷಯ ಸಣ್ಣದೆಂದು ಕಾಣುತ್ತದೆ, ಆದರೆ ಉಳಿದೆಲ್ಲವೂ ಅದರಿಂದಲೇ ಬಿಚ್ಚಿಕೊಳ್ಳುತ್ತದೆ. ಪಾಲಿಕೆಯ ಪಾರ್ಕುಗಳು ಬಹುಕಾಲ ಬೆಳಗ್ಗೆ ತೆರೆದು ಹತ್ತು ಗಂಟೆಯ ಸುಮಾರಿಗೆ ಮುಚ್ಚಿ, ಮಧ್ಯಾಹ್ನ ಕಳೆದ ಮೇಲೆ ಮತ್ತೆ ತೆರೆಯುತ್ತಿದ್ದವು. ಬಿಸಿಲು ಏರುವ ಹೊತ್ತಿಗೆ ಸರಿಯಾಗಿ ನೆರಳಿಗೆ ಬೀಗ. 2024ರ ಏಪ್ರಿಲ್ 28ರಂದು ನಗರದ ತಾಪಮಾನ 38.5 ಡಿಗ್ರಿ ಮುಟ್ಟಿತು. ಆ ದಿನ ನಡುಹಗಲಲ್ಲಿ ನೆರಳು ಬೇಕಿದ್ದದ್ದು ಯಾರಿಗೆ? ಬೆಳಗಿನ ಪಾಳಿ ಮುಗಿಸಿದ ಪೌರಕಾರ್ಮಿಕರಿಗೆ, ಒಂದು ಮನೆಯ ಪಾತ್ರೆ ತೊಳೆದು ಇನ್ನೊಂದು ಮನೆಗೆ ಹೋಗಲು ಇನ್ನೂ ಒಂದು ಗಂಟೆ ಇರುವ ಮನೆಗೆಲಸದ ಹೆಂಗಸಿಗೆ, ಮುಂದಿನ ಆರ್ಡರ್ ಬರುವವರೆಗೆ ಬೈಕಿನ ಸೀಟಿನ ಮೇಲೆಯೇ ಒರಗಿ ಕಾಯುವ ಡೆಲಿವರಿ ಹುಡುಗನಿಗೆ, ಗಾರೆ ಕೆಲಸದವರಿಗೆ, ಆಟೋದವರಿಗೆ, ಒಂದೇ ಕೋಣೆಯ ಶೀಟಿನ ಮನೆಯಲ್ಲಿ ಬೇಯುವ ಮುದುಕರಿಗೆ. ಇವರಲ್ಲಿ ಯಾರಿಗೂ ಮುಂಜಾನೆ ಆರು ಗಂಟೆಗೆ ಟ್ರ್ಯಾಕ್ ಪ್ಯಾಂಟು ತೊಟ್ಟು ಸುತ್ತು ಹಾಕುವ ಬಿಡುವಿಲ್ಲ. ಅದೇ ವರ್ಷದ ಜೂನ್‌ನಲ್ಲಿ ಬಿಬಿಎಂಪಿಯ ಪಾರ್ಕುಗಳನ್ನು ಬೆಳಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಬೇಕು ಎಂದು ಸರ್ಕಾರ ಪ್ರಕಟಿಸಿತು. ಕಳೆದ ಹಲವು ವರ್ಷಗಳಲ್ಲಿ ಪಾರ್ಕುಗಳ ಬಗ್ಗೆ ಬಂದ ತೀರ್ಮಾನಗಳಲ್ಲಿ ನನ್ನ ಮಟ್ಟಿಗೆ ಇದೇ ಅತ್ಯುತ್ತಮ: ಟೆಂಡರಿಲ್ಲ, ಶಂಕುಸ್ಥಾಪನೆಯಿಲ್ಲ, ಒಂದೇ ಸಾಲು. ಆದರೆ ಆ ಸಾಲು ಗೇಟನ್ನಷ್ಟೇ ತೆರೆಯಬಲ್ಲದು. ಗೇಟಿನ ಒಳಗಿರುವುದೆಲ್ಲ ಹಳೆಯ ವೇಳಾಪಟ್ಟಿಗೆ ಹೊಂದುವಂತೆ ಕಟ್ಟಿದ್ದು.

ಹತ್ತಿರ ಹೋಗಿ ಬೆಂಚನ್ನು ನೋಡಬೇಕು. ಗ್ರಾನೈಟ್ ಹಲಗೆ, ಬೆನ್ನಿಗೆ ಇನ್ನೊಂದು ಹಲಗೆ, ಆ ಹಲಗೆಯ ಮೇಲೆ ದಾನಿಯದೋ ಜನಪ್ರತಿನಿಧಿಯದೋ ಹೆಸರು. ಬೆಂಚುಗಳನ್ನು ವಾಕಿಂಗ್ ಪಾತ್‌ಗೆ ಮುಖ ಮಾಡಿ ಸಾಲಾಗಿ ಇಟ್ಟಿರುತ್ತಾರೆ. ಐದು ಸುತ್ತು ಮುಗಿಸಿದವರು ಸುಧಾರಿಸಿಕೊಂಡು ಆರನೆಯದಕ್ಕೆ ಏಳಲಿ ಎಂದು. ಎದುರುಬದುರು ಕೂತು ಮಾತಾಡುವಂತಿಲ್ಲ, ನಾಲ್ಕು ಜನ ಗುಂಪಾಗಿ ಬುತ್ತಿ ಬಿಚ್ಚುವಂತಿಲ್ಲ. ಮರ ಒಂದು ಕಡೆ, ಬೆಂಚು ಇನ್ನೊಂದು ಕಡೆ. ಮಧ್ಯಾಹ್ನ ಒಂದು ಗಂಟೆಗೆ ಆ ಕಲ್ಲು ದೋಸೆ ಹೆಂಚಾಗಿರುತ್ತದೆ. ಮರದಡಿಯ ಹುಲ್ಲಿನ ಮೇಲೆ ಕೂರೋಣವೆಂದರೆ ಫಲಕ ಅಡ್ಡ ಬರುತ್ತದೆ. ಅಮೆರಿಕದ ವಿಲಿಯಂ ವೈಟ್ ನ್ಯೂಯಾರ್ಕಿನ ಚೌಕಗಳಲ್ಲಿ ಕ್ಯಾಮೆರಾ ಇಟ್ಟು ಜನರನ್ನು ಗಮನಿಸಿ 1980ರಲ್ಲಿ ಪ್ರಕಟಿಸಿದ ಪುಸ್ತಕದ ಮುಖ್ಯ ಶೋಧನೆ ಕೇಳಿದರೆ ನಗು ಬರುವಷ್ಟು ಸರಳ: ಕೂರಲು ಜಾಗ ಇರುವಲ್ಲಿ ಜನ ಕೂರುತ್ತಾರೆ. ನಗು ಬಂದರೂ ನಮ್ಮ ಅಂದಾಜು ಪಟ್ಟಿಗಳಿಗೆ ಅದು ಇನ್ನೂ ಇಳಿದಿಲ್ಲ. ಲಾನಿನ ಕಥೆಯೂ ಅಷ್ಟೇ. ಅದು ನೋಡಲಿಕ್ಕೆ ಇರುವ ಹಸಿರು, ದಿನವೂ ನೀರು ಕುಡಿಯುವ ಹಸಿರು. 2024ರ ಮಾರ್ಚ್‌ನಲ್ಲಿ ನೀರಿಗೆ ಹಾಹಾಕಾರ ಎದ್ದಾಗ ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ, ಕಾರು ತೊಳೆಯಲು ಬಳಸಿದರೆ 5,000 ರೂಪಾಯಿ ದಂಡ ಎಂದಿತು. ಅಂಥ ಬೇಸಿಗೆಯಲ್ಲಿ ಲಾನು ಮೊದಲು ಒಣಗುತ್ತದೆ. ಹಳೆಯ ಹೊಂಗೆಯೋ ಮಳೆಮರವೋ ತನ್ನ ಪಾಡಿಗೆ ನಿಂತು ನೆರಳು ಕೊಡುತ್ತಿರುತ್ತದೆ. ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ ಮತ್ತು ಅವರ ಸಹೋದ್ಯೋಗಿಗಳು ಬೆಂಗಳೂರಿನ ರಸ್ತೆಬದಿ ಮರಗಳನ್ನು ಎಣಿಸಿ ನೋಡಿದಾಗ, ಇತ್ತೀಚೆಗೆ ನೆಡುತ್ತಿರುವವು ಹಳೆಯ ಅಗಲ ಹಂದರದ ಮರಗಳಿಗಿಂತ ಸಣ್ಣ ಜಾತಿಯವು ಎಂದು ಕಂಡುಕೊಂಡರು. ಪಾರ್ಕಿನ ಒಳಗೂ ಇದೇ ಒಲವು ಕಾಣುತ್ತದೆ: ಹೂವಿಗೆ ಹೆಚ್ಚು ಮರ್ಯಾದೆ, ನೆರಳಿಗೆ ಕಡಿಮೆ.

ಇದನ್ನು ವಸಾಹತುಶಾಹಿಯ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವುದು ಸುಲಭ, ಆದರೆ ಇತಿಹಾಸ ಅಷ್ಟು ನೇರವಾಗಿಲ್ಲ. 1870ರಲ್ಲಿ ರಿಚರ್ಡ್ ಸ್ಯಾಂಕಿ ರೂಪಿಸಿದ, 1927ರಿಂದ ಕಾಗದದ ಮೇಲೆ ಶ್ರೀ ಚಾಮರಾಜೇಂದ್ರ ಉದ್ಯಾನವಾಗಿರುವ ಕಬ್ಬನ್ ಪಾರ್ಕು ದಂಡು ಪ್ರದೇಶದ ದೊರೆಗಳ ವಿಹಾರಕ್ಕೆಂದೇ ಹುಟ್ಟಿದ್ದು. ಆದರೂ ಇವತ್ತು ನಡುಹಗಲಲ್ಲಿ ಅತ್ಯಂತ ಧಾರಾಳವಾಗಿರುವ ಉದ್ಯಾನ ಅದೇ. ಹೈಕೋರ್ಟಿನಲ್ಲಿ ತಾರೀಕಿಗೆ ಬಂದವರು, ವಿಧಾನಸೌಧಕ್ಕೆ ಅರ್ಜಿ ಹಿಡಿದು ಊರಿಂದ ಬಂದವರು, ಕಾಲೇಜು ಮಕ್ಕಳು ಬಿದಿರುಮೆಳೆಯ ಸುತ್ತ ಕೂತಿರುತ್ತಾರೆ. ಹೈದರಾಲಿ 1760ರಲ್ಲಿ ಆರಂಭಿಸಿದ ಲಾಲ್‌ಬಾಗ್ ಹಗಲೆಲ್ಲ ತೆರೆದಿದ್ದರೂ ಅದರ ಟಿಕೆಟ್ಟಿನ ಪದ್ಧತಿ ನಮ್ಮ ಆದ್ಯತೆಯನ್ನು ಚೆನ್ನಾಗಿ ಬಯಲು ಮಾಡುತ್ತದೆ: ಬೆಳಗ್ಗೆ 6ರಿಂದ 9, ಸಂಜೆ 6ರಿಂದ 7 ಉಚಿತ, ನಡುವೆ ದುಡ್ಡು. ವಾಕಿಂಗ್ ಮಾಡುವವರು ಪುಕ್ಕಟೆ ಒಳಗೆ ಹೋಗಬಹುದು. ನಡುಹಗಲಲ್ಲಿ ಕೂರಲು ಬಂದವರು ಟಿಕೆಟ್ ಕೊಳ್ಳಬೇಕು. ಅದು ಸಸ್ಯತೋಟ, ಪ್ರವಾಸಿಗರು ಬರುತ್ತಾರೆ, ನಿರ್ವಹಣೆಗೆ ಹಣ ಬೇಕು ಎಂಬ ವಾದ ಸರಿಯೇ. ಆದರೆ ಯಾರಿಗೆ ವಿನಾಯಿತಿ ಎಂಬುದನ್ನು ಆರಿಸಿದ್ದು ಸಸ್ಯಶಾಸ್ತ್ರವಲ್ಲ.

ಕನ್ನಡ ಸೀಮೆಗೆ ಸಾರ್ವಜನಿಕ ಕೂರುವ ಜಾಗ ಹೊಸದೇನಲ್ಲ. ಪ್ರತಿ ಊರಿಗೂ ಒಂದು ಅರಳಿಕಟ್ಟೆ ಇತ್ತು: ಮರ, ಮರದ ಸುತ್ತ ಮಂಡಿಯೆತ್ತರದ ಕಲ್ಲುಕಟ್ಟೆ. ವಿನ್ಯಾಸದ ದೃಷ್ಟಿಯಿಂದ ನೋಡಿದರೆ ಎಂಥ ಅಚ್ಚುಕಟ್ಟು! ನೆರಳೂ ಆಸನವೂ ಒಂದೇ ಕಡೆ, ದುಂಡಗಿರುವುದರಿಂದ ಬಿಸಿಲು ತಿರುಗಿದಂತೆ ಜನವೂ ಸರಿಯಬಹುದು, ಗೇಟಿಲ್ಲ, ಹೊತ್ತಿಲ್ಲ. ಊರ ಹೊರಗೆ ಮಾವು, ಹುಣಸೆ, ನೇರಳೆ, ಹಲಸಿನ ಗುಂಡುತೋಪು. ದಾರಿಹೋಕರು ಗಾಡಿ ಬಿಚ್ಚುತ್ತಿದ್ದದ್ದು, ದನ ಕಾಯುವವರು ಮಲಗುತ್ತಿದ್ದದ್ದು ಅಲ್ಲಿ. ಕಟ್ಟೆಯ ಮೇಲೆ ಎಲ್ಲ ಜಾತಿಯವರೂ ಸಮನಾಗಿ ಕೂರುತ್ತಿದ್ದರೇ, ಹೆಂಗಸರು ಕೂರುತ್ತಿದ್ದರೇ ಎಂದು ಕೇಳುವವರ ಪ್ರಶ್ನೆ ನ್ಯಾಯವಾದದ್ದು. ಇಲ್ಲ, ಕೂರುತ್ತಿರಲಿಲ್ಲ. ಕಟ್ಟೆಯ ಸಮಾಜ ಬೇಕು ಎಂದು ನಾನು ವಾದಿಸುತ್ತಿಲ್ಲ. ಕಟ್ಟೆಯ ರಚನೆ ಬೇಕು. ಆ ರಚನೆಯನ್ನು ಎಲ್ಲರಿಗೂ ತೆರೆಯುವ ಅವಕಾಶ ಆಧುನಿಕ ಪಾರ್ಕಿಗೆ ಸಿಕ್ಕಿತ್ತು. ಅದು ಹಳೆಯ ಮಡಿಯ ಜಾಗಕ್ಕೆ ಹೊಸ ಗ್ರಿಲ್ಲು ಹಾಕಿಕೊಂಡಿತು.

ಕಾನೂನು ಏನು ಮಾಡಿದೆ ಎಂದು ನೋಡಿದರೆ, ಜಮೀನಿನ ಮಟ್ಟಿಗೆ ಬಹಳ ಮಾಡಿದೆ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ 1976ರ ಕಾಯ್ದೆ ಬಡಾವಣೆಯ ವಿಸ್ತೀರ್ಣದಲ್ಲಿ ಶೇ 15ಕ್ಕೆ ಕಡಿಮೆಯಿಲ್ಲದಷ್ಟನ್ನು ಪಾರ್ಕು ಮತ್ತು ಆಟದ ಬಯಲಿಗೆ, ಅದರ ಮೇಲೆ ಶೇ 10ನ್ನು ನಾಗರಿಕ ಸೌಲಭ್ಯದ (ಸಿಎ) ಸೈಟುಗಳಿಗೆ ಬಿಡಬೇಕೆನ್ನುತ್ತದೆ. 1985ರ ಉದ್ಯಾನ, ಆಟದ ಮೈದಾನಗಳ ಸಂರಕ್ಷಣಾ ಕಾಯ್ದೆ ಆ ಜಾಗವನ್ನು ಬೇರೆ ಉಪಯೋಗಕ್ಕೆ ತಿರುಗಿಸದಂತೆ ತಡೆಯುತ್ತದೆ. ಇವೆಲ್ಲಕ್ಕೆ ಬೆನ್ನೆಲುಬು ಕೊಟ್ಟದ್ದು ಬೆಂಗಳೂರು ಮೆಡಿಕಲ್ ಟ್ರಸ್ಟ್ ಪ್ರಕರಣದಲ್ಲಿ 1991ರಲ್ಲಿ ಬಂದ ಸುಪ್ರೀಂ ಕೋರ್ಟಿನ ತೀರ್ಪು. ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಪಾರ್ಕಿಗೆಂದು ಬಿಟ್ಟ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಹಂಚಿದ್ದನ್ನು ಅಲ್ಲಿನ ನಿವಾಸಿಗಳು ಪ್ರಶ್ನಿಸಿದ್ದರು. ಆಸ್ಪತ್ರೆಯೂ ಜನೋಪಯೋಗಿಯೇ ಅಲ್ಲವೇ ಎಂಬ ವಾದವನ್ನು ಕೋರ್ಟು ಒಪ್ಪಲಿಲ್ಲ. ಹಂಚಿಕೆ ರದ್ದಾಯಿತು, ನಿವಾಸಿಗಳಿಗೆ ಪ್ರಶ್ನಿಸುವ ಹಕ್ಕಿದೆ ಎಂಬುದೂ ಗಟ್ಟಿಯಾಯಿತು. ದೇಶದುದ್ದಕ್ಕೂ ಪಾರ್ಕುಗಳನ್ನು ಉಳಿಸಿಕೊಂಡವರು ಆ ತೀರ್ಪಿಗೆ ಋಣಿ. ಆದರೆ ಈ ಗೆಲುವಿನ ಜೊತೆಗೆ ಒಂದು ಭಾವನೆಯೂ ಬೇರೂರಿತು ಎಂದು ನನಗನಿಸುತ್ತದೆ: ಪಾರ್ಕನ್ನು ಉಳಿಸಿದವರು ನಿವಾಸಿಗಳು, ಆದ್ದರಿಂದ ಪಾರ್ಕು ನಿವಾಸಿಗಳದು. ತೀರ್ಪು ಹಾಗೆಂದು ಎಲ್ಲೂ ಹೇಳಿಲ್ಲ. ಹೊರಗಿನವರು, ಅಂದರೆ ಅದೇ ನಿವಾಸಿಗಳ ಮನೆ ಕಟ್ಟುವ, ಮನೆ ಗುಡಿಸುವ, ಮನೆಗೆ ಊಟ ತರುವ ಜನ, ಯಾವ ಕಾಯ್ದೆಯ ಪ್ರಕಾರವೂ ಹೊರಗಿನವರಲ್ಲ. ಕಟ್ಟಡದ ಒತ್ತುವರಿಯನ್ನು ಕಾನೂನು ಹಿಡಿಯಬಲ್ಲದು; ವೇಳೆಯ ಒತ್ತುವರಿಯನ್ನು ಹಿಡಿಯುವ ಕಲಮು ಇಲ್ಲ.

ಇಲ್ಲಿಗೆ ಬರುವ ಆಕ್ಷೇಪಗಳನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ. ಮೊದಲನೆಯದು ಸುರಕ್ಷತೆ: ಮಧ್ಯಾಹ್ನ ತೆರೆದಿಟ್ಟರೆ ಕುಡುಕರು ಬರುತ್ತಾರೆ, ಇಸ್ಪೀಟಿನವರು ಬರುತ್ತಾರೆ, ಹೆಣ್ಣುಮಕ್ಕಳು ಬರುವುದನ್ನು ಬಿಡುತ್ತಾರೆ. ಭಯ ನಿಜ. ಆದರೆ ಕುಡುಕನಿಗೆ ಬೇಕಾದದ್ದು ಜನರಿಲ್ಲದ ಮೂಲೆ. ಗ್ರಿಲ್ಲು ಹಾರಬಲ್ಲವನಿಗೆ ಬೀಗ ಹಾಕಿದ ಪಾರ್ಕಿನಷ್ಟು ಅನುಕೂಲದ ಜಾಗ ಬೇರೆ ಸಿಕ್ಕೀತೇ? ಬೀಗ ತಡೆಯುವುದು ಗ್ರಿಲ್ಲು ಹಾರಲಾಗದವರನ್ನು: ಮುದುಕರನ್ನು, ಕಂಕುಳಲ್ಲಿ ಕೂಸಿರುವ ತಾಯಿಯನ್ನು. ಮುಂಬೈ ಬಗ್ಗೆ ಶಿಲ್ಪಾ ಫಡ್ಕೆ, ಸಮೀರಾ ಖಾನ್, ಶಿಲ್ಪಾ ರಾನಡೆ 2011ರಲ್ಲಿ ಬರೆದ ‘ವೈ ಲಾಯ್ಟರ್?’ ಪುಸ್ತಕದ ವಾದ ಇಲ್ಲಿಗೂ ಹೊಂದುತ್ತದೆ: ಹೆಣ್ಣುಮಕ್ಕಳಿಗೆ ಕೆಲಸವಿಲ್ಲದೆ ಸುಮ್ಮನೆ ಇರುವ ಹಕ್ಕು ಸಿಗಬೇಕಾದರೆ ಉಳಿದವರಿಗೂ ಅದು ಸಿಗಬೇಕು, ಬಡ ಗಂಡಸನ್ನು ಹೊರಗಟ್ಟಿ ಹೆಣ್ಣಿಗೆ ಜಾಗ ಮಾಡಿಕೊಡುತ್ತೇವೆ ಎನ್ನುವ ವ್ಯವಸ್ಥೆ ಕೊನೆಗೆ ಹೆಣ್ಣನ್ನೂ ಮನೆಗೇ ಕಳಿಸುತ್ತದೆ. ಬೆಂಗಳೂರಿನಲ್ಲೇ ಜಾಸ್ಮೀನ್ ಪಥೇಜಾ ಆರಂಭಿಸಿದ ‘ಬ್ಲ್ಯಾಂಕ್ ನಾಯ್ಸ್’ ಬಳಗದ ಹೆಂಗಸರು ಪಾರ್ಕುಗಳಿಗೆ ಹೋಗಿ ಹುಲ್ಲಿನ ಮೇಲೆ ಮಲಗಿ ನಿದ್ದೆ ಮಾಡುವ ಕಾರ್ಯಕ್ರಮ ನಡೆಸಿದರು. ಹೆಣ್ಣೊಬ್ಬಳು ಹಗಲಲ್ಲಿ ಮರದ ಕೆಳಗೆ ಕಣ್ಣುಮುಚ್ಚುವುದು ಇಲ್ಲಿ ಚಳವಳಿಯಾಗಬೇಕಾಯಿತು ಎಂಬುದೇ ನಮ್ಮ ಪಾರ್ಕುಗಳ ಬಗ್ಗೆ ಸಾಕಷ್ಟು ಹೇಳುತ್ತದೆ. ಪ್ರೇಮಿಗಳ ವಿಷಯ ಎತ್ತುವವರೂ ಇದ್ದಾರೆ. ಎರಡು ಜನ ಒಂದು ಬೆಂಚಿನಲ್ಲಿ ಹತ್ತಿರ ಕೂತರೆ ಪಾರ್ಕು ಕೆಡುವುದಿಲ್ಲ. ಅವರೂ ಒಂದು ಜೊತೆ ಕಾವಲು ಕಣ್ಣು, ಪರಸ್ಪರರ ಮೇಲಿಂದ ತೆಗೆದಾಗಲಾದರೂ.

ಎರಡನೆಯ ಆಕ್ಷೇಪ ನಿರ್ವಹಣೆಯದು, ಇದರ ಉತ್ತರ ಚಿಕ್ಕದು. ಗಿಡಕ್ಕೆ ನೀರು ಹಾಯಿಸಲು, ಗುಡಿಸಲು ಮುಚ್ಚುವುದು ಅನಿವಾರ್ಯ ಎನ್ನುತ್ತಾರೆ. ನೆತ್ತಿಯ ಬಿಸಿಲಲ್ಲಿ ನೀರು ಹಾಯಿಸಬಾರದೆಂದು ಯಾವ ಮಾಲಿಯನ್ನು ಕೇಳಿದರೂ ಹೇಳುತ್ತಾನೆ. ಕ್ಷೇಮಾಭಿವೃದ್ಧಿ ಸಂಘಗಳು ಸ್ವಂತ ಹಣ, ಸ್ವಂತ ಬೆವರು ಹಾಕಿ ಪಾರ್ಕು ನೋಡಿಕೊಳ್ಳುತ್ತಿರುವುದು ದೊಡ್ಡ ಮಾತು, ಅದಕ್ಕೆ ಕೃತಜ್ಞತೆ ಸಲ್ಲಬೇಕು. ಆದರೆ ಕೃತಜ್ಞತೆ ಬೇರೆ, ಕೀಲಿಕೈ ಬೇರೆ. ಕಮಾನಿಗೂ ಗಜೀಬೊಗೂ ಆಗುವ ಖರ್ಚಿನಲ್ಲಿ ಇನ್ನೊಬ್ಬ ಮಾಲಿಯನ್ನು, ಶೌಚಾಲಯ ತೊಳೆಯುವ ಒಬ್ಬರನ್ನು ಇಟ್ಟುಕೊಳ್ಳಬಹುದಿತ್ತಲ್ಲ ಎಂದು ಕೇಳಿದರೆ ಬಂಡವಾಳದ ಲೆಕ್ಕ ಬೇರೆ, ಸಂಬಳದ ಲೆಕ್ಕ ಬೇರೆ ಎಂಬ ಉತ್ತರ ಬರುತ್ತದೆ. ಉದ್ಘಾಟನೆ ಮಾಡಲು ಬರುವುದು ಮೊದಲನೆಯದನ್ನು ಮಾತ್ರ.

ಹಳೆಯ ಬಡಾವಣೆಗಳಿಗೆ ಪಾರ್ಕಾದರೂ ಇದೆ. 1948ರಲ್ಲಿ ಯೋಜಿಸಿದ ಜಯನಗರದಂಥ ಕಡೆ ಹಸಿರು ನಕ್ಷೆಯಲ್ಲೇ ಬಂತು. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳನ್ನು ಸೇರಿಸಿಕೊಂಡು ಬಿಬಿಎಂಪಿ ಆದಾಗ ಒಳಗೆ ಬಂದ ರೆವಿನ್ಯೂ ಲೇಔಟುಗಳಲ್ಲಿ ಸೈಟು ಮಾಡಿದವರು ಶೇ 15 ಯಾಕೆ, ರಸ್ತೆಗೇ ಸರಿಯಾಗಿ ಜಾಗ ಬಿಟ್ಟಿರಲಿಲ್ಲ. ಅಲ್ಲಿ ಉಳಿದಿರುವುದು ಕೆರೆ ಏರಿ ಮತ್ತು ಅಳಿದುಳಿದ ಗುಂಡುತೋಪು. ಅವುಗಳ ‘ಅಭಿವೃದ್ಧಿ’ಗೂ ಅದೇ ಅಚ್ಚು ಹೋಗುತ್ತಿದೆ: ಸುತ್ತ ಬೇಲಿ, ಏರಿಯ ಮೇಲೆ ವಾಕಿಂಗ್ ಪಾತ್, ಗೇಟು, ವೇಳೆ. ದನ ಬರದಿರಲಿ ಎಂದು ಹಾಕಿದ ಸುತ್ತುಗೇಟಿನಲ್ಲಿ ಗಾಲಿಕುರ್ಚಿ ತೂರುವುದಿಲ್ಲ. ಮೇವಿಗೆ, ಸೊಪ್ಪಿಗೆ ಬರುತ್ತಿದ್ದವರೂ ತೂರುವುದಿಲ್ಲ.

2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ನಗರಪಾಲಿಕೆಗಳಾದವು. ಐದೂ ಕಡೆ ಪಾರ್ಕುಗಳ ಅಂದಾಜು ಪಟ್ಟಿ ಮತ್ತೆ ಬರೆಯುವ ಕೆಲಸ ಬರುತ್ತದೆ. ಎಂಜಿನಿಯರ್ ತನ್ನ ಅಳತೆ ಪುಸ್ತಕದಲ್ಲಿ ಗ್ರಿಲ್ಲು ಎಷ್ಟು ಮೀಟರು, ಇಟ್ಟಿಗೆ ಎಷ್ಟು ಚದರ ಮೀಟರು ಎಂದು ಬರೆದುಕೊಳ್ಳುತ್ತಾನೆ. ಅದರಲ್ಲಿ ಇನ್ನೆರಡು ಸಾಲಿಗೆ ಜಾಗ ಇದೆ: ಕೆಲಸಕ್ಕೆ ಮುಂಚಿನ ಒಂದು ವಾರ ಮಧ್ಯಾಹ್ನ 2 ಗಂಟೆಗೆ ಒಳಗೆ ಎಷ್ಟು ಜನ ಕೂತಿದ್ದರು, ಕೆಲಸ ಮುಗಿದ ಆರು ತಿಂಗಳಿಗೆ ಎಷ್ಟು ಜನ. ಎರಡನೆಯ ಅಂಕಿ ಮೊದಲನೆಯದಕ್ಕಿಂತ ಮೇಲೇಳದಿದ್ದರೆ ಗುತ್ತಿಗೆದಾರನ ಬಿಲ್ಲಿಗೆ ಕತ್ತರಿ ಬೇಡ, ಪಾಪ, ಅವನು ನಕ್ಷೆಯಲ್ಲಿದ್ದದ್ದನ್ನು ಕಟ್ಟಿದ. ನಕ್ಷೆ ಬರೆದವರನ್ನು ಕರೆದು ಕೇಳಿದರಾಯಿತು. ಆ ಹೊತ್ತಿನಲ್ಲಿ ಎಣಿಸಲು ಯಾರು ಹೋಗಬೇಕು ಎಂಬ ಚಿಂತೆಯೂ ಬೇಡ. ಗೇಟಿನ ಕೀಲಿಗೊಂಚಲು ಸೊಂಟಕ್ಕೆ ಸಿಕ್ಕಿಸಿಕೊಂಡ ಕಾವಲುಗಾರ ಆಗ ಒಳಗೇ ಇರುತ್ತಾನೆ, ಅಲ್ಲಿನ ಅತಿ ದೊಡ್ಡ ಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು.