ಮಳೆಯೂರಿನ ನೆರಳು ಗಡಿಯಾರ

ಎಲ್ಲಿಗೂ ಹೋಗುವುದಿಲ್ಲದಿದ್ದರೂ ಪ್ಲಾಟ್‌ಫಾರಂ ಟಿಕೆಟ್ ಕೊಂಡು ನಿಲ್ದಾಣದ ಬೆಂಚಿನ ಮೇಲೆ ಕೂರುವ ಚಟ ನನ್ನದು. ಅಂಥ ಚಟದವನಿಗೂ ಮ್ಯಾಂಚೆಸ್ಟರಿನ ಲಿವರ್‌ಪೂಲ್ ರೋಡ್ ನಿಲ್ದಾಣ ಮೊದಲ ನೋಟಕ್ಕೆ ನಿಲ್ದಾಣ ಅನ್ನಿಸುವುದಿಲ್ಲ. ಯಾರೋ ಅನುಕೂಲಸ್ಥ ವ್ಯಾಪಾರಿಯ ಮನೆ ಅಂದುಕೊಂಡು ಮುಂದೆ ಹೋಗಿಬಿಡಬಹುದು. ಕಟ್ಟಿದವರನ್ನು ದೂರುವಂತಿಲ್ಲ. 1830ರಲ್ಲಿ ನೋಡಿ ಕಲಿಯೋಣವೆಂದರೆ ಇಂಥ ಇನ್ನೊಂದು ನಿಲ್ದಾಣ ಎಲ್ಲಿತ್ತು? ಎರಡು ದೊಡ್ಡ ಊರುಗಳ ನಡುವೆ ಹೊತ್ತಿಗೆ ಸರಿಯಾಗಿ ಓಡುವ ಉಗಿಬಂಡಿಯೇ ಹೊಸದು.

ಮೊದಲ ದರ್ಜೆಯವರಿಗೆ ಒಂದು ಬಾಗಿಲು, ಎರಡನೆಯ ದರ್ಜೆಯವರಿಗೆ ಇನ್ನೊಂದು. ಟಿಕೆಟ್ ಕೋಣೆ ಬೇರೆ, ಮೆಟ್ಟಿಲು ಬೇರೆ, ಕಾಯುವ ಕೋಣೆಯೂ ಬೇರೆ. ಇರ್ವೆಲ್ ಹೊಳೆಯನ್ನು ಸೇತುವೆ ಮೇಲೆ ದಾಟಿ ಬರುವ ಹಳಿ ಬೀದಿಗಿಂತ ಒಂದು ಅಂತಸ್ತು ಎತ್ತರದಲ್ಲಿತ್ತು. ಹಾಗಾಗಿ ರೈಲು ಹತ್ತುವ ಮೊದಲು ಮಹಡಿ ಹತ್ತಬೇಕು.

ಮೊದಲ ದರ್ಜೆಯ ಬಾಗಿಲ ಮೇಲೊಂದು ನೆರಳು ಗಡಿಯಾರ. ಮಳೆಗೇ ಹೆಸರಾದ ಊರಿನಲ್ಲಿ! ಆದರೂ ಇಡೀ ಕಟ್ಟಡದಲ್ಲಿ ನನಗೆ ಅಚ್ಚುಮೆಚ್ಚು ಅದೇ. ಆಗ ಊರಿಗೊಂದು ಹೊತ್ತು. ಮ್ಯಾಂಚೆಸ್ಟರಿನದು ಲಂಡನ್ನಿಗಿಂತ ಸುಮಾರು 9 ನಿಮಿಷ ಹಿಂದೆ. ರೈಲುಗಳು ಹೆಚ್ಚಿದ ಮೇಲೆ ಊರೂರಿನ ಗಡಿಯಾರದ ಮುಳ್ಳುಗಳನ್ನು ಲಂಡನ್ನಿನ ಹೊತ್ತಿಗೆ ತಿರುಗಿಸಿದರು. ನೆರಳನ್ನು ತಿರುಗಿಸುವವರು ಯಾರು?

1830ರ ಸೆಪ್ಟೆಂಬರ್ 15ರಂದು ನಡೆದ ಲಿವರ್‌ಪೂಲ್-ಮ್ಯಾಂಚೆಸ್ಟರ್ ಮಾರ್ಗದ ಉದ್ಘಾಟನೆಗೆ ಅಪಶಕುನವೇ ಎದುರಾಯಿತು. ನಡುದಾರಿಯ ಪಾರ್ಕ್‌ಸೈಡಿನಲ್ಲಿ ಎಂಜಿನ್ ನೀರು ಕುಡಿಯಲು ನಿಂತಾಗ ಹಳಿಗಿಳಿದ ಸಂಸದ ವಿಲಿಯಂ ಹಸ್ಕಿಸನ್, ಪಕ್ಕದ ಹಳಿಯಲ್ಲಿ ಬಂದ ‘ರಾಕೆಟ್’ ಎಂಜಿನ್ನಿಗೆ ಸಿಕ್ಕಿ ಅದೇ ರಾತ್ರಿ ತೀರಿಕೊಂಡರು. ಮುಖ್ಯ ಅತಿಥಿ ಪ್ರಧಾನಿ ವೆಲಿಂಗ್ಟನ್. 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದ ಆರ್ಥರ್ ವೆಲ್ಲೆಸ್ಲಿಯೇ ಇವರು. ಟಿಪ್ಪುವಿನ ಕೋಟೆಗೆ ಅಂಜದವರು ಮ್ಯಾಂಚೆಸ್ಟರಿನಲ್ಲಿ ಸಿಟ್ಟಿಗೆದ್ದು ನಿಂತಿದ್ದ ಜನರನ್ನು ಕಂಡು ಬೋಗಿಯಿಂದ ಕೆಳಗಿಳಿಯಲೇ ಇಲ್ಲ.

ಇಲ್ಲಿ ಪ್ರಯಾಣಿಕರು ಓಡಾಡಿದ್ದು ಹದಿನಾಲ್ಕು ವರ್ಷವೂ ಅಲ್ಲ. 1844ರಲ್ಲಿ ಅವರನ್ನು ಹೊಸ ನಿಲ್ದಾಣಕ್ಕೆ ಕಳಿಸಿ, ಇದನ್ನು ಗೂಡ್ಸ್ ಗಾಡಿಗಳಿಗೆ ಬಿಟ್ಟುಕೊಟ್ಟರು. ಉಳಿದದ್ದೂ ಅದರಿಂದಲೇ. ಮೂಟೆಗಳಿಗೆ ಚೆಂದದ ಮುಖಮಂಟಪ ಬೇಕಿಲ್ಲವಲ್ಲ, ಕೆಡವಿ ಕಟ್ಟುವ ಉತ್ಸಾಹ ಯಾರಿಗೂ ಬರಲಿಲ್ಲ. ಇದೇ ಮಾರ್ಗದ ಇನ್ನೊಂದು ತುದಿಯಲ್ಲಿದ್ದ ಲಿವರ್‌ಪೂಲಿನ ಕ್ರೌನ್ ಸ್ಟ್ರೀಟ್ ನಿಲ್ದಾಣದ ಕಟ್ಟಡ ಇಂದು ಇಲ್ಲ. ಇಲ್ಲಿ 1975ರಲ್ಲಿ ಗೂಡ್ಸ್ ಕೂಡ ನಿಂತಿತು, 1983ರಿಂದ ವಸ್ತುಸಂಗ್ರಹಾಲಯ.

2017ರಲ್ಲಿ ಮ್ಯಾಂಚೆಸ್ಟರಿನ ಪಿಕ್ಯಾಡಿಲಿ ನಿಲ್ದಾಣಕ್ಕೂ ವಿಕ್ಟೋರಿಯಾ ನಿಲ್ದಾಣಕ್ಕೂ ನಡುವೆ ಆರ್ಡ್‌ಸಾಲ್ ಕೊಂಡಿ ಮಾರ್ಗ ತೆರೆಯಿತು. ಅದಕ್ಕೆ ಜಾಗ ಮಾಡಿಕೊಡಲು ಈ ನಿಲ್ದಾಣಕ್ಕೂ ದೇಶದ ರೈಲುಜಾಲಕ್ಕೂ ಇದ್ದ ಹಳಿಯನ್ನೇ ಕತ್ತರಿಸಿದ್ದರು. ಈಗ ರೈಲುಗಳು ಪಕ್ಕದಲ್ಲೇ ಹಾದುಹೋಗುತ್ತವೆ, ಒಳಗೆ ಬರುವಂತಿಲ್ಲ.